ಹೆಗಲ ಮೇಲಿನ ಬೇತಾಳ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಮುಂದೆ ಸಾಗಿದರೆ ದಾಬಸ್‌ಪೇಟೆ ಎಂಬ ಊರು ಸಿಗುತ್ತದೆ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿ ಅಧಿಕಾರಿಯಾಗಿದ್ದ ಡಾಬ್ಸ್ ಎಂಬುವರ ಹೆಸರು ಜನರ ನಾಲಗೆಯಲ್ಲಿ ಸವೆದು ಹೀಗಾಗಿದೆ. ಊರಿಗೆ ಸಮೀಪದಲ್ಲಿಯೇ ಶಿವಗಂಗೆಯ ಬೆಟ್ಟವಿದೆ. ಆ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪವು ಬೆಣ್ಣೆಯಾಗುತ್ತದೆಂದೂ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟರೆ ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆಂದೂ ಅಲ್ಲಿನ ನಂಬಿಕೆ. ಇಂತಹ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಅದ್ಭುತದ ಕಥೆಗಳು ಹೊಸವಲ್ಲ. ಆದರೂ ನನ್ನ ಬಾಲ್ಯದಲ್ಲಿ, ಎಂದರೆ 1970ರ ದಶಕದಲ್ಲಿ, ಬೆಟ್ಟದ ಎಲ್ಲ ಪವಾಡಗಳಿಗಿಂತಲೂ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿದಿದ್ದುದು ಮದರಾಸಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ ಒಂದು ಹೆಣ ಮತ್ತು ಅದರೊಳಗೆ ಸೇರಿಕೊಂಡಿದ್ದ ಒಂದು ಬೇತಾಳ.

ಅದು ಬರುತ್ತಿದ್ದುದು 'ಚಂದಮಾಮ' ಪತ್ರಿಕೆಯ ಪುಟಗಳಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಮಿತ್ರರು 1947ರಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಆರಂಭಿಸಿದ ಈ ಮಕ್ಕಳ ಮಾಸಪತ್ರಿಕೆಯು 1949ರಲ್ಲಿ ಕನ್ನಡಕ್ಕೆ ಬಂದಿತು. ಕಾಲಕ್ರಮದಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಹಬ್ಬಿತು. ಎಲ್ಲ ಭಾಷೆಗಳಿಗೂ ಚಿತ್ರಗಳು ಒಂದೇ. ಅವುಗಳ ಸುತ್ತ ಅಚ್ಚಾಗುವ ಲಿಪಿ ಮಾತ್ರ ಬೇರೆ. ನಮ್ಮ ಮನೆಗೆ ಹೊಸ ಸಂಚಿಕೆ ಬಂದ ದಿನ ನನಗೂ ಅಕ್ಕನಿಗೂ ಜಗಳ ತಪ್ಪುತ್ತಿರಲಿಲ್ಲ. ಪತ್ರಿಕೆಯಲ್ಲಿ ಪುರಾಣವಿತ್ತು, ಮಂತ್ರವಾದಿಗಳ ಧಾರಾವಾಹಿಯಿತ್ತು, ನಗೆಯ ಕಥೆಗಳಿದ್ದವು. ಆದರೆ ಯಾರ ಕೈಗೆ ಸಿಕ್ಕಿದರೂ ಅದು ಮೊದಲು ತೆರೆದುಕೊಳ್ಳುತ್ತಿದ್ದುದು ಬೇತಾಳದ ಕಥೆಯಿರುವ ಪುಟದಲ್ಲಿಯೇ.

ಆ ಕಥಾಮಾಲೆಯ ಶಿರಸ್ಸಿನಲ್ಲಿದ್ದ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಸ್ಮಶಾನದ ರಾತ್ರಿ, ಸುತ್ತಲೂ ಬಿದ್ದಿರುವ ತಲೆಬುರುಡೆಗಳು, ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ. ಆ ನಡುವೆ ದೃಢವಾದ ಹೆಜ್ಜೆಯಿಟ್ಟು ನಡೆಯುತ್ತಿರುವ ರಾಜ. ಹೆಣದ ಭಾರವಾಗಲಿ, ಸ್ಥಳದ ಭೀಕರತೆಯಾಗಲಿ ಅವನ ನಡಿಗೆಯಲ್ಲಿ ಕಾಣುವುದಿಲ್ಲ. ಅವನೇ ತ್ರಿವಿಕ್ರಮ. ಹಿಡಿದ ಕೆಲಸವನ್ನು ಬಿಡದವನನ್ನು 'ಛಲಬಿಡದ ತ್ರಿವಿಕ್ರಮ' ಎಂದು ಕರೆಯುವುದು ಇಂದಿಗೂ ಕನ್ನಡದಲ್ಲಿ ರೂಢಿಯಲ್ಲಿದೆ. ಕಥೆಯನ್ನೇ ಓದದವರೂ ಆ ಮಾತನ್ನು ಬಳಸುತ್ತಾರೆ.

ಪ್ರತಿ ತಿಂಗಳೂ ಕಥೆ ಒಂದೇ ರೀತಿಯಲ್ಲಿ ಆರಂಭವಾಗುತ್ತಿತ್ತು. ರಾಜನು ಮರದ ಬಳಿಗೆ ಮರಳಿ ಬಂದು, ಕೊಂಬೆಯಲ್ಲಿ ತೂಗುತ್ತಿರುವ ಹೆಣವನ್ನು ಇಳಿಸಿ, ಹೆಗಲಿಗೇರಿಸಿಕೊಂಡು, ಮಾತಿಲ್ಲದೆ ಸ್ಮಶಾನದ ದಾರಿ ಹಿಡಿಯುತ್ತಾನೆ. ಆಗ ಹೆಣದೊಳಗಿನ ಬೇತಾಳವು ಬಾಯಿ ತೆರೆಯುತ್ತದೆ. ಅದರ ಮೊದಲ ಮಾತು ಬೆದರಿಕೆಯಲ್ಲ, ಮರುಕ. ಈ ಅಪರಾತ್ರಿಯಲ್ಲಿ ರಾಜನಿಗೆ ಇಷ್ಟು ಶ್ರಮವೇಕೆ, ಅವನನ್ನು ಈ ಕೆಲಸಕ್ಕೆ ಹಚ್ಚಿದವನು ನಂಬಿಕೆಗೆ ಅರ್ಹನೇ ಎಂದು ಅದು ಸಂದೇಹವನ್ನು ಬಿತ್ತುತ್ತದೆ. ಬಳಿಕ, ದಾರಿಯ ಆಯಾಸ ತಿಳಿಯದಿರಲೆಂದು ಒಂದು ಕಥೆ ಹೇಳುತ್ತದೆ. ಕಥೆಯ ಕೊನೆಗೆ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದಿದ್ದೂ ಹೇಳದಿದ್ದರೆ ರಾಜನ ತಲೆ ಒಡೆದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಬೇತಾಳವು ಹೆಣದೊಡನೆ ಮಾಯವಾಗಿ ಮತ್ತೆ ಮರವನ್ನು ಸೇರುತ್ತದೆ. ಬೇತಾಳವು ಮರಳಿ ನುಗ್ಗೆಯ ಮರ ಹತ್ತಿತು ಎಂಬ ಗಾದೆಯೇ ತಮಿಳಿನಲ್ಲಿದೆ.

ಈ ಕಥೆಯ ಬೇರು ಬಹಳ ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಾಣಿ ಸೂರ್ಯಮತಿಯ ವಿನೋದಕ್ಕಾಗಿ ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಬೇತಾಳವು ಹೇಳಿದ ಕಥೆಗಳಿವೆ. ಗೋದಾವರಿಯ ತೀರದ ಪ್ರತಿಷ್ಠಾನದ ರಾಜ ತ್ರಿವಿಕ್ರಮಸೇನನಿಗೆ ಕ್ಷಾಂತಿಶೀಲನೆಂಬ ಭಿಕ್ಷು ದಿನವೂ ಒಂದು ಹಣ್ಣನ್ನು ತಂದುಕೊಡುತ್ತಾನೆ. ರಾಜನು ಅದನ್ನು ಭಂಡಾರಿಯ ಕೈಗೆ ಕೊಟ್ಟು ಮರೆತುಬಿಡುತ್ತಾನೆ. ಹೀಗೆ ಹತ್ತು ವರ್ಷ ಕಳೆಯುತ್ತವೆ. ಒಂದು ದಿನ ಅಂತಹ ಒಂದು ಹಣ್ಣು ಕೋತಿಮರಿಯ ಕೈಗೆ ಸಿಕ್ಕಿ, ಅದು ಹಣ್ಣನ್ನು ಸೀಳಿದಾಗ ಒಳಗಿನಿಂದ ಬೆಲೆಕಟ್ಟಲಾಗದ ರತ್ನ ಉದುರುತ್ತದೆ. ಇಷ್ಟು ವರ್ಷಗಳ ಕಾಣಿಕೆಯ ಋಣ ತೀರಿಸಲು ರಾಜನು ಭಿಕ್ಷುವಿನ ಕೋರಿಕೆಗೆ ಒಪ್ಪಿ, ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಶಿಂಶಪಾ ವೃಕ್ಷದಲ್ಲಿ ತೂಗುವ ಹೆಣವನ್ನು ತರಲು ಹೊರಡುತ್ತಾನೆ.

ಸೋಮದೇವನು ತನ್ನ ಗ್ರಂಥಕ್ಕೆ ಗುಣಾಢ್ಯನ 'ಬೃಹತ್ಕಥೆ'ಯೇ ಮೂಲವೆಂದು ಹೇಳಿದ್ದಾನೆ. ಪೈಶಾಚಿ ಭಾಷೆಯಲ್ಲಿದ್ದ ಆ ಗ್ರಂಥವು ಈಗ ಉಳಿದಿಲ್ಲ. ಬೇತಾಳದ ಕಥೆಗಳು ಅದರಲ್ಲಿದ್ದವೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವೂ ಇಲ್ಲ. ಆದರೆ ಕನ್ನಡನಾಡಿಗೂ ಆ ಮಹಾಗ್ರಂಥಕ್ಕೂ ಹಳೆಯ ನಂಟು ಇದ್ದುದು ನಿಜ. ಗಂಗವಂಶದ ದೊರೆ ದುರ್ವಿನೀತನು ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನವು ಹೇಳುತ್ತದೆ. ಅದೇ ವಂಶದ ಶ್ರೀಪುರುಷನು ಎಂಟನೆಯ ಶತಮಾನದಲ್ಲಿ ಆಳಿದ ಮಾನ್ಯಪುರವೇ ಇಂದು ನೆಲಮಂಗಲ ತಾಲ್ಲೂಕಿನ ಮಣ್ಣೆ ಎಂಬ ಹಳ್ಳಿ. ನಾವು ಬಾಲ್ಯದಲ್ಲಿ ಮಣ್ಣೆಯ ಪಾಳುಗುಡಿಗಳ ನಡುವೆ ಆಡಿದ್ದುಂಟು. ಅಲ್ಲಿ ಆಳಿದವರ ವಂಶದಲ್ಲೊಬ್ಬನು ಇಂತಹ ಕಥಾಸಾಗರವನ್ನು ಭಾಷಾಂತರಿಸಿದ್ದನೆಂಬುದನ್ನು ಆಗ ಯಾರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಆಟಕ್ಕೆ ಇನ್ನೂ ರುಚಿ ಬರುತ್ತಿತ್ತು.

ಬೇತಾಳದ ಷರತ್ತನ್ನು ಸ್ವಲ್ಪ ನಿಧಾನವಾಗಿ ಯೋಚಿಸಿದರೆ ಅದರ ಚಮತ್ಕಾರ ತಿಳಿಯುತ್ತದೆ. ಉತ್ತರ ತಿಳಿಯದವನಿಗೆ ಅಲ್ಲಿ ಯಾವ ಅಪಾಯವೂ ಇಲ್ಲ. ದಡ್ಡನೊಬ್ಬನು ಹೆಣ ಹೊತ್ತಿದ್ದರೆ ಕಥೆಗೆ ತಲೆದೂಗುತ್ತ ಸುಖವಾಗಿ ಸ್ಮಶಾನವನ್ನು ಮುಟ್ಟಿ, ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸಿ, ಬೆಳಗಾಗುವುದರೊಳಗೆ ಅರಮನೆಯಲ್ಲಿ ಮಲಗಿರುತ್ತಿದ್ದನು. ಮರದ ಬಳಿಗೆ ಮತ್ತೆ ಮತ್ತೆ ಹೋಗಬೇಕಾದವನು ತಿಳಿದವನು ಮಾತ್ರ. ಪ್ರತಿ ತಿಂಗಳೂ ರಾಜನು ಸೋಲುತ್ತಿದ್ದನೆಂದು ನಾವು ಬಾಲ್ಯದಲ್ಲಿ ಮರುಗುತ್ತಿದ್ದೆವು. 'ಈ ಸಲವಾದರೂ ಸುಮ್ಮನಿರಬಾರದೇ' ಎಂದು ನಾನು ಎಷ್ಟೋ ಸಲ ಪುಸ್ತಕಕ್ಕೆ ಹೇಳಿದ್ದೇನೆ. ಅವನು ಸುಮ್ಮನಿರುತ್ತಿರಲಿಲ್ಲ.

ಮೂಲದಲ್ಲಿ ಈ ಅಲೆದಾಟಕ್ಕೆ ಒಂದು ಕೊನೆಯಿದೆ. ಕೊನೆಯ ಕಥೆಯಲ್ಲಿ ತಂದೆ ಮತ್ತು ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತುಗಳನ್ನು ಕಾಣುತ್ತಾರೆ. ದೊಡ್ಡ ಹೆಜ್ಜೆಯವಳನ್ನು ತಂದೆಯೂ ಚಿಕ್ಕ ಹೆಜ್ಜೆಯವಳನ್ನು ಮಗನೂ ಮದುವೆಯಾಗಬೇಕೆಂದು ಮಾತಾಗುತ್ತದೆ. ಆ ಹೆಂಗಸರು ತಾಯಿ ಮತ್ತು ಮಗಳು. ಆದರೆ ಚಿಕ್ಕ ಪಾದ ತಾಯಿಯದು, ದೊಡ್ಡ ಪಾದ ಮಗಳದು! ಮಾತಿನಂತೆ ತಂದೆಗೆ ಮಗಳೂ ಮಗನಿಗೆ ತಾಯಿಯೂ ಹೆಂಡತಿಯರಾಗುತ್ತಾರೆ. ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು ಎಂಬುದು ಬೇತಾಳದ ಪ್ರಶ್ನೆ. ರಾಜನು ಎಷ್ಟು ಯೋಚಿಸಿದರೂ ಉತ್ತರ ಹೊಳೆಯುವುದಿಲ್ಲ. ಅವನು ಮೌನವಾಗಿ ನಡೆಯುತ್ತಾನೆ. ಆ ಮೌನದಿಂದ ಸಂತುಷ್ಟವಾದ ಬೇತಾಳವು ಭಿಕ್ಷುವಿನ ಕಪಟವನ್ನು ಬಯಲು ಮಾಡುತ್ತದೆ. ಆತನು ರಾಜನನ್ನು ಸಾಷ್ಟಾಂಗ ನಮಸ್ಕಾರ ಮಾಡೆಂದು ಹೇಳಿ, ಬಾಗಿದಾಗ ತಲೆ ಕಡಿದು ಬಲಿಕೊಡಲಿದ್ದಾನೆ. 'ನಮಸ್ಕಾರ ಹೇಗೆಂದು ನೀವೇ ತೋರಿಸಿ' ಎನ್ನಬೇಕೆಂಬ ಉಪಾಯವನ್ನು ಬೇತಾಳವೇ ಹೇಳಿಕೊಡುತ್ತದೆ. ಹೀಗೆ ದಾರಿಯುದ್ದಕ್ಕೂ ಪೀಡಿಸಿದ್ದು ಕೊನೆಗೆ ರಾಜನನ್ನು ಕಾಯುತ್ತದೆ. ಹತ್ತು ವರ್ಷ ರತ್ನ ಕೊಟ್ಟವನು ಕೊಲೆಗಾರನಾಗುತ್ತಾನೆ.

ಚಂದಮಾಮದ ಬೇತಾಳವಾದರೋ ಈ ಕೊನೆಯನ್ನು ಮುಟ್ಟಲೇ ಇಲ್ಲ. ಹಳೆಯ ಕಥೆಗಳು ಮುಗಿದ ಮೇಲೆಯೂ ಪತ್ರಿಕೆಯವರು ಮರ, ಹೆಣ, ಮೌನ, ಪ್ರಶ್ನೆ ಎಂಬ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು ಅದರೊಳಗೆ ತಿಂಗಳಿಗೊಂದು ಹೊಸ ಕಥೆಯನ್ನು ಹೆಣೆಯುತ್ತ ಹೋದರು. ಇಪ್ಪತ್ತೈದು ಕಥೆಗಳ ಮಾಲೆಯು ನೂರಾರು ಕಥೆಗಳ ಮಾಲೆಯಾಯಿತು. 1952ರಿಂದ 1980ರಲ್ಲಿ ತಾವು ತೀರಿಕೊಳ್ಳುವವರೆಗೂ ಪತ್ರಿಕೆಯ ಸಂಪಾದನೆಯನ್ನು ನೋಡಿಕೊಂಡವರು ತೆಲುಗಿನ ಹೆಸರಾಂತ ಲೇಖಕ ಕೊಡವಟಿಗಂಟಿ ಕುಟುಂಬರಾವ್. ಅವರು ವಿಚಾರವಾದಿಗಳು, ದೆವ್ವ ಪಿಶಾಚಿಗಳಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ದೆವ್ವವನ್ನು ನಂಬದವರೊಬ್ಬರು ಇಷ್ಟು ವರ್ಷ ಬೇತಾಳವನ್ನು ಸಾಕಿದರೆಂಬುದು ವಿಚಿತ್ರವೆನಿಸಬಹುದು. ನನಗೆ ಮಾತ್ರ ಇದು ಸಹಜವಾಗಿಯೇ ಕಾಣುತ್ತದೆ. ಆ ಬೇತಾಳವು ಯಾರ ರಕ್ತವನ್ನೂ ಹೀರಲಿಲ್ಲ. ಅದು ಕೇಳಿದ್ದು ಪ್ರಶ್ನೆಯನ್ನು.

ಹೊಸ ಕಥೆಗಳಲ್ಲಿ ರಾಕ್ಷಸರಿದ್ದರು, ಯಕ್ಷರಿದ್ದರು, ಮಾಯೆಯ ಸರೋವರಗಳಿದ್ದವು. ಆದರೆ ಕೊನೆಯ ಪ್ರಶ್ನೆಯು ಮಾಯೆಯನ್ನು ಕುರಿತದ್ದಲ್ಲ; ಮನುಷ್ಯನ ನಡತೆಯನ್ನು ಕುರಿತದ್ದು. ಕಥೆಯ ಒಂದು ಸಾಮಾನ್ಯ ಮಾದರಿಯನ್ನು ಹೇಳುತ್ತೇನೆ. ಬಡ ಯುವಕನೊಬ್ಬನು ಪ್ರಾಣದ ಹಂಗು ತೊರೆದು ರಾಕ್ಷಸನನ್ನು ಗೆಲ್ಲುತ್ತಾನೆ. ಅರ್ಧರಾಜ್ಯ ಕೊಡುತ್ತೇನೆಂದು ರಾಜ ಕರೆದಾಗ ಒಲ್ಲೆನೆಂದು ಹಳ್ಳಿಗೆ ಮರಳುತ್ತಾನೆ. ಬೇತಾಳವು ತಟ್ಟನೆ ಕೇಳುತ್ತದೆ: ಇದು ಮೂರ್ಖತನವಲ್ಲವೇ? ಅಥವಾ ರಾಜ್ಯಭಾರದ ಭಯವೇ? ಇಲ್ಲವೇ ಬಡವನ ಹುಸಿ ಜಂಬವೇ? ಬೇತಾಳದ ಕಣ್ಣಿಗೆ ಯಾವಾಗಲೂ ಬೀಳುವುದು ಅತ್ಯಂತ ಕ್ಷುದ್ರವಾದ ಕಾರಣ. ರಾಜನು ಅದೇ ಘಟನೆಗಳನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾನೆ. ನಾವು ಓದುತ್ತಾ ಲಕ್ಷ್ಯವಿಲ್ಲದೆ ದಾಟಿಹೋಗಿದ್ದ ಒಂದು ಸಣ್ಣ ವಿವರವನ್ನು, ಯುವಕನು ದಾರಿಯಲ್ಲಿ ಆಡಿದ ಒಂದು ಮಾತನ್ನೋ ಮುದುಕಿಯೊಬ್ಬಳಿಗೆ ಕೊಟ್ಟ ಭಾಷೆಯನ್ನೋ ನೆನಪಿಸಿ, ಅದರ ಬೆಳಕಿನಲ್ಲಿ ಇಡೀ ನಡತೆಗೆ ಬೇರೆ ಅರ್ಥ ಹೇಳುತ್ತಾನೆ. ಕಥೆಯಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಆದರೂ ಅದು ಬೇರೆಯ ಕಥೆಯಾಗಿರುತ್ತದೆ. ನಂದಿಯಂತಿದ್ದ ಬೆಟ್ಟವು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಾಗ ಲಿಂಗವಾಗುವಂತೆ. ಈ ಕಥಾಮಾಲೆಯು ದಶಕಗಳ ಕಾಲ ಓದುಗರನ್ನು ಹಿಡಿದಿಟ್ಟುದಕ್ಕೆ ಸ್ಮಶಾನದ ಭಯಕ್ಕಿಂತ ಈ ಎರಡನೆಯ ಓದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಭಯವೇ ಇರಲಿಲ್ಲವೆಂದಲ್ಲ. ಕತ್ತಲಾದ ಮೇಲೆ ಕೆರೆಯ ಏರಿಯ ಮೇಲೆ ಬರುವಾಗ, ದೂರದಲ್ಲಿ ಸುಡುಗಾಡಿನ ಹುಣಸೆಮರ ಕಂಡರೆ ಕಾಲು ತಾನಾಗಿ ಚುರುಕಾಗುತ್ತಿತ್ತು. ಆದರೆ ಆ ಮರದಿಂದ ಏನಾದರೂ ಇಳಿದು ಬಂದು ಹೆಗಲೇರಿದರೆ ಅದು ಕಥೆ ಹೇಳಿಯೇ ತೀರುತ್ತದೆ ಎಂಬ ಒಂದು ಧೈರ್ಯವೂ ಇತ್ತು. ಪ್ರಶ್ನೆಗೆ ಉತ್ತರ ಬರದಿದ್ದರೂ ತಲೆಗೆ ಅಪಾಯವಿಲ್ಲವೆಂಬ ಲೆಕ್ಕವನ್ನು ನಾನು ಮೊದಲೇ ಹಾಕಿಟ್ಟಿದ್ದೆ. ಗೋವೆಯಲ್ಲಿ ಜನರು ಬೇತಾಳನನ್ನು ಗ್ರಾಮದೇವತೆಯೆಂದು ಪೂಜಿಸುತ್ತಾರೆಂಬ ಸಂಗತಿಯನ್ನು ಬಹಳ ವರ್ಷಗಳ ಮೇಲೆ ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಚಿತ್ರಗಳ ವಿಷಯವನ್ನು ಇನ್ನಷ್ಟು ಹೇಳಬೇಕು. ಚಂದಮಾಮದ ಆರಂಭದ ಚಿತ್ರಕಾರರಲ್ಲಿ 'ಚಿತ್ರಾ' ಎಂಬ ಹೆಸರಿನಿಂದ ಬರೆಯುತ್ತಿದ್ದ ಟಿ.ವಿ. ರಾಘವನ್, ಮುಖಪುಟಗಳಿಗೆ ಬಣ್ಣದ ವೈಭವವನ್ನು ತಂದ ವಡ್ಡಾದಿ ಪಾಪಯ್ಯ, ಕನ್ನಡಿಗರೇ ಆದ ಎಂ.ಟಿ.ವಿ. ಆಚಾರ್ಯ ಮುಂತಾದವರಿದ್ದರು. ಬೇತಾಳದ ಚಿತ್ರದೊಡನೆ ಹೆಸರು ಬೆರೆತುಹೋದವರು ಮಾತ್ರ 'ಶಂಕರ್' ಎಂಬ ಕೆ.ಸಿ. ಶಿವಶಂಕರನ್. 1924ರಲ್ಲಿ ತಮಿಳುನಾಡಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಅವರು ಮದರಾಸಿನ ಕಲಾಶಾಲೆಯಲ್ಲಿ ಕಲಿತು, 1952ರಲ್ಲಿ ಚಂದಮಾಮವನ್ನು ಸೇರಿದರು. ಸುಮಾರು ಅರುವತ್ತು ವರ್ಷ ಅದಕ್ಕಾಗಿಯೇ ಚಿತ್ರ ಬರೆದರು. ಅವರ ಚಿತ್ರದಲ್ಲಿ ಅರಮನೆಯ ಕಂಬವೆಂದರೆ ಬರಿಯ ಎರಡು ಗೆರೆಗಳಲ್ಲ, ಕೆತ್ತನೆಯಿರುವ ಕಂಬ. ಸೇವಕನ ಕೈಯ ಹೂಜಿಗೂ, ಹಳ್ಳಿಯ ಗುಡಿಸಲಿನ ಹುಲ್ಲಿಗೂ, ರಾಣಿಯ ತೋಳಬಂದಿಗೂ ಅಷ್ಟೇ ಶ್ರದ್ಧೆ. ಪುರಾತನ ಕಾಲವೆಂದರೆ ಹೇಗಿದ್ದಿರಬಹುದೆಂದು ಯೋಚಿಸುವಾಗ ಇಂದಿಗೂ ನನ್ನ ಕಣ್ಣಮುಂದೆ ಬರುವುದು ಬೇಲೂರಿನ ಭಿತ್ತಿಯಲ್ಲ, ಶಂಕರ್ ಅವರ ಗೆರೆಗಳು. ಬೇಲೂರನ್ನು ನಾನು ನೋಡಿದ್ದು ಆಮೇಲೆ.

ಮೆಚ್ಚಿದ ವಸ್ತುವಿನ ದೋಷವನ್ನು ಮುಚ್ಚಿಡಬಾರದು. ನೂರಾರು ಕಥೆಗಳಲ್ಲಿ ಎಲ್ಲವೂ ಸಮನಾಗಿರಲಿಲ್ಲ. ಕೆಲವು ತಿಂಗಳುಗಳಲ್ಲಿ ಕಥೆ ಬಡವಾಗಿದ್ದು ಪ್ರಶ್ನೆ ಬಲವಂತದಿಂದ ತಂದುದಾಗಿರುತ್ತಿತ್ತು. ರಾಜನ ಜಾಣ್ಮೆಯು ಹರಕು ಬಟ್ಟೆಗೆ ಹಾಕಿದ ತೇಪೆಯಂತಿರುತ್ತಿತ್ತು. ಬಡವರು ತಮ್ಮ ಪಾಲಿಗೆ ಬಂದುದರಲ್ಲಿ ತೃಪ್ತರಾಗುವ ಕಥೆಗಳು ತುಸು ಹೆಚ್ಚಾಗಿಯೇ ಬರುತ್ತಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಕನ್ಯೆಯು ಕಥೆಯ ಕೊನೆಯಲ್ಲಿ ಗೆದ್ದವನಿಗೆ ಸಲ್ಲುವ ಬಹುಮಾನವಾಗಿರುತ್ತಿದ್ದಳು. ಈ ಕೊನೆಯ ದೋಷವು ಹಳೆಯ ಕಥೆಗಳಿಂದಲೇ ಬಂದುದು. ಅದನ್ನು ನಾನು ಕಂಡುಕೊಂಡ ಬಗೆಯನ್ನು ಹೇಳುವ ಮೊದಲು, ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ.

ನಮ್ಮ ತಾತನವರಿಗೆ ಆಗ ಕಣ್ಣು ಮಂಜಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ನಾನು ಗಟ್ಟಿಯಾಗಿ ಓದಬೇಕು, ಅಕ್ಕ ಮತ್ತು ತಾತ ಕೇಳಬೇಕು. ಬೇತಾಳದ ಪ್ರಶ್ನೆ ಬಂದ ಕೂಡಲೇ ತಾತ "ಅಲ್ಲಿಗೆ ನಿಲ್ಲಿಸು" ಎನ್ನುತ್ತಿದ್ದರು. ನಾವಿಬ್ಬರೂ ನಮ್ಮ ನಮ್ಮ ಉತ್ತರ ಹೇಳಿದ ಮೇಲೆಯೇ ರಾಜನ ಉತ್ತರಕ್ಕೆ ಅಪ್ಪಣೆ. ಹೊಸ ಸಂಚಿಕೆ ಬಾರದ ದಿನಗಳಲ್ಲಿ ತಾತನ ಪೆಟ್ಟಿಗೆಯಲ್ಲಿದ್ದ ಬೇತಾಳ ಪಂಚವಿಂಶತಿಯ ಹಳೆಯ ಪುಸ್ತಕವನ್ನು ಓದುತ್ತಿದ್ದೆವು. ಅದಕ್ಕೆ ರಟ್ಟೂ ಇರಲಿಲ್ಲ, ಮೊದಲ ಪುಟವೂ ಇರಲಿಲ್ಲ.

ಅಂದು ಓದಿದ್ದು ಮಂದಾರವತಿಯ ಕಥೆ. ಅವಳನ್ನು ಮದುವೆಯಾಗಲು ಮೂವರು ಯುವಕರು ಬಂದಿದ್ದಾರೆ. ಒಬ್ಬನಿಗೆ ಕೊಟ್ಟರೆ ಉಳಿದಿಬ್ಬರು ಪ್ರಾಣ ಬಿಡುತ್ತಾರೆಂದು ತಂದೆ ಯಾರಿಗೂ ಕೊಡದಿರುವಾಗ, ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ. ದಹನವಾದ ಮೇಲೆ ಮೊದಲನೆಯವನು ಸ್ಮಶಾನದಲ್ಲಿಯೇ ಗುಡಿಸಲು ಕಟ್ಟಿಕೊಂಡು ಅವಳ ಬೂದಿಯ ಮೇಲೆ ಮಲಗುತ್ತಾನೆ. ಎರಡನೆಯವನು ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ. ಮೂರನೆಯವನು ದೇಶಾಂತರ ಹೋಗಿ, ಸತ್ತವರನ್ನು ಬದುಕಿಸುವ ಮಂತ್ರವಿದ್ದ ಪುಸ್ತಕವನ್ನು ಸಂಪಾದಿಸಿಕೊಂಡು ಬರುತ್ತಾನೆ. ಮೂವರೂ ಮತ್ತೆ ಸೇರುತ್ತಾರೆ. ಮಂತ್ರಬಲದಿಂದ ಮಂದಾರವತಿ ಎದ್ದು ನಿಲ್ಲುತ್ತಾಳೆ. ಈಗ ಅವಳು ಯಾರ ಹೆಂಡತಿಯಾಗಬೇಕು?

"ಬದುಕಿಸಿದವನಿಗೆ" ಎಂದೆ ನಾನು. ನಿಜವಾದ ಕೆಲಸ ಮಾಡಿದವನು ಅವನೊಬ್ಬನೇ ಎಂಬುದು ನನ್ನ ವಾದ. "ಬೂದಿಯ ಮೇಲೆ ಮಲಗಿದವನಿಗೆ" ಎಂದಳು ಅಕ್ಕ. "ಅವಳು ಬದುಕುತ್ತಾಳೆ ಅಂತ ಅವನಿಗೆ ಗೊತ್ತಿರಲಿಲ್ಲ. ಆದರೂ ಬಿಟ್ಟು ಹೋಗಲಿಲ್ಲವಲ್ಲ!" ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ತಾತ "ಇನ್ನು ಓದು" ಎಂದರು. ನಾನು ಪುಟ ತಿರುವಿದೆ. ಬದುಕಿಸಿದವನು ಜನ್ಮ ಕೊಟ್ಟ ತಂದೆಗೆ ಸಮಾನ, ಅಸ್ಥಿ ಒಯ್ದವನು ಮಗನಿಗೆ ಸಮಾನ, ಬೂದಿಯನ್ನು ಅಪ್ಪಿ ಮಲಗಿದವನೇ ಗಂಡ ಎಂಬುದು ಅಲ್ಲಿದ್ದ ರಾಜನ ತೀರ್ಪು. ನಾನು ಒಂದು ಕ್ಷಣ ತಡೆದೆ. ಬಳಿಕ, ಬದುಕಿಸಿದವನೇ ಗಂಡನೆಂದು ರಾಜನು ಹೇಳಿದನೆಂದು ಪುಸ್ತಕದ ಧಾಟಿಯಲ್ಲಿಯೇ ಓದಿ, ಬೇತಾಳವನ್ನು ಮರಕ್ಕೆ ಹತ್ತಿಸಿ, ಪುಸ್ತಕವನ್ನು ಮುಚ್ಚಿದೆ.

ಅಕ್ಕನ ಮುಖ ಸಣ್ಣದಾಯಿತು. ಅವಳು ಏನೂ ಹೇಳದೆ ಒಳಗೆ ಹೋದಳು. ತಾತನೂ ಏನೂ ಹೇಳಲಿಲ್ಲ. ಆ ಕಥೆಗಳೆಲ್ಲ ಅವರಿಗೆ ಕಂಠಪಾಠವಾಗಿದ್ದವೆಂಬುದು ನನಗೆ ಆಗ ಹೊಳೆದಿರಲಿಲ್ಲ. ರಾತ್ರಿ ಮಲಗುವಾಗ ಅವರು ನನ್ನ ಹಾಸಿಗೆಯ ಬಳಿ ಬಂದು, ನೆತ್ತಿಯ ಮೇಲೆ ಕೈಯಾಡಿಸಿ ನೋಡಿದರು. "ಸದ್ಯ, ಒಡೆದಿಲ್ಲ" ಎಂದರು. ಅಷ್ಟೇ. ದೀಪ ಸಣ್ಣಗೆ ಮಾಡಿ ಹೊರಟುಹೋದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಅಕ್ಕ ಹಿತ್ತಲಿನಲ್ಲಿ ನೀರು ಸೇದುತ್ತಿದ್ದಾಗ ಹೋಗಿ ನಿಜವನ್ನು ಹೇಳಿದೆ. ಅವಳು ಕೊಡವನ್ನು ಕೆಳಗಿಟ್ಟು, "ತಾತನಿಗೆ ಗೊತ್ತಿತ್ತಾ?" ಎಂದು ಕೇಳಿದಳು. ಹೌದೆಂದೆ. ನಕ್ಕಳು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಬೇತಾಳದ ಇಂತಹ ಪ್ರಶ್ನೆಗಳು ಮಕ್ಕಳ ಜಗಳಕ್ಕೆ ಮಾತ್ರ ಸೀಮಿತವಾದವಲ್ಲ. ದೇವಿಯ ಗುಡಿಯಲ್ಲಿ ಇಬ್ಬರು ಗಂಡಸರು ತಲೆ ಕಡಿದುಕೊಂಡು ಬಿದ್ದಿರುತ್ತಾರೆ. ಒಬ್ಬನು ಮದನಸುಂದರಿಯ ಗಂಡ, ಇನ್ನೊಬ್ಬನು ಅವಳ ಅಣ್ಣ. ದೇವಿಯ ವರದಂತೆ ಅವಳು ತಲೆಗಳನ್ನು ಜೋಡಿಸುವಾಗ ಅವಸರದಲ್ಲಿ ಅದಲುಬದಲಾಗುತ್ತದೆ. ಗಂಡನು ಯಾರು? ದೇಹಕ್ಕೆ ತಲೆಯೇ ಪ್ರಧಾನ, ಆದ್ದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ತ್ರಿವಿಕ್ರಮನು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ. ಜರ್ಮನಿಯ ಕಾದಂಬರಿಕಾರ ಥಾಮಸ್ ಮನ್ 1940ರಲ್ಲಿ ಇದೇ ವಸ್ತುವನ್ನೆತ್ತಿಕೊಂಡು, ಅಣ್ಣನ ಸ್ಥಾನದಲ್ಲಿ ಗೆಳೆಯನನ್ನು ತಂದು, ಕಿರುಕಾದಂಬರಿಯೊಂದನ್ನು ಬರೆದನು. ಗಿರೀಶ ಕಾರ್ನಾಡರ 'ಹಯವದನ' ನಾಟಕವು 1971ರಲ್ಲಿ ಅದನ್ನು ಕನ್ನಡದ ರಂಗಭೂಮಿಗೆ ತಂದಿತು. ಅವರಿಬ್ಬರಿಗೂ ರಾಜನ ತೀರ್ಪು ಸಾಕೆನಿಸಲಿಲ್ಲ. ತೀರ್ಪಾದ ಮೇಲೆ ಆ ಮೂವರೂ ಬದುಕಬೇಕಲ್ಲ, ಆ ಬದುಕು ಏನಾಯಿತು ಎಂದು ಅವರು ಕೇಳಿದರು. ಬೇತಾಳದ ಕಥೆ ಮುಗಿದಲ್ಲಿಂದ ನಾಟಕ ಹುಟ್ಟಿತು. 1985ರಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ಹಿಂದಿ ಧಾರಾವಾಹಿಯು ಬೇತಾಳವನ್ನು ದೇಶದ ಮನೆಮನೆಗೂ ಕರೆತಂದಿತು. ಅಲ್ಲಿ ಬೇತಾಳದ ನಗೆ ಜೋರಾಗಿತ್ತು. ನನಗೆ ಶಂಕರ್ ಅವರ ಮೌನದ ಚಿತ್ರವೇ ಹೆಚ್ಚು ಹಿಡಿಸಿತು.

ಚಂದಮಾಮವು 1998ರಲ್ಲಿ ಒಮ್ಮೆ ನಿಂತು, ಮರುವರ್ಷ ಮತ್ತೆ ಹೊರಟಿತು. 2007ರಲ್ಲಿ ಅದರ ಒಡೆತನ ಬದಲಾಯಿತು. 2013ರ ವೇಳೆಗೆ ಪ್ರಕಟಣೆಯು ಮತ್ತೆ ನಿಂತುಹೋಯಿತು. ಚಿತ್ರಕಾರ ಶಂಕರ್ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಪತ್ರಿಕೆಯು ನಿಂತಾಗಲೂ ತ್ರಿವಿಕ್ರಮನ ಹೆಗಲ ಮೇಲಿನ ಹೆಣ ಸ್ಮಶಾನದ ಭಿಕ್ಷುವಿನ ಬಳಿಗೆ ತಲುಪಿರಲಿಲ್ಲ. ಭಿಕ್ಷುವಿನ ಕಪಟ ಅವನಿಗೆ ತಿಳಿದಿರಲಿಲ್ಲ. ಅವನು ದಾರಿಯಲ್ಲಿಯೇ ಇದ್ದನು.

ನಮ್ಮ ಮನೆಯ ಹಳೆಯ ಸಂಚಿಕೆಗಳನ್ನು ಅಕ್ಕ ದಾರದಿಂದ ಹೊಲಿದು, ರಟ್ಟು ಹಾಕಿಸಿ ಇಟ್ಟಿದ್ದಾಳೆ. ಅವುಗಳ ನಡುವೆ ತಾತನ ಪುಸ್ತಕವೂ ಇದೆ. ಕಳೆದ ಬೇಸಿಗೆಯಲ್ಲಿ ದಾಬಸ್‌ಪೇಟೆಗೆ ಹೋಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮೊಮ್ಮಗಳು ಮಂದಾರವತಿಯ ಕಥೆಯನ್ನು ನಮಗೆ ಓದಿ ಹೇಳುತ್ತಿದ್ದಳು. ಪ್ರಶ್ನೆ ಬಂದೊಡನೆ ಅಕ್ಕ "ಅಲ್ಲಿಗೆ ನಿಲ್ಲಿಸು" ಎಂದಳು. ಆ ಧ್ವನಿ ತಾತನದೇ. ನಾನು ಹಳೆಯ ಅಭ್ಯಾಸದಂತೆ "ಬದುಕಿಸಿದವನಿಗೆ" ಎಂದೆ. ಅಕ್ಕ ಬೂದಿಯವನ ಪಕ್ಷ ವಹಿಸಿದಳು. ಐವತ್ತು ವರ್ಷದ ಹಿಂದಿನ ವಾದ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಹುಡುಗಿಯು ನಮ್ಮಿಬ್ಬರ ಮುಖವನ್ನೂ ಸ್ವಲ್ಪ ಹೊತ್ತು ನೋಡಿದಳು.

"ಅಜ್ಜೀ, ಅವಳು ಎದ್ದು ನಿಂತಿದ್ದಾಳಲ್ಲ. ಅವಳನ್ನೇ ಯಾಕೆ ಯಾರೂ ಕೇಳಲಿಲ್ಲ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಅವಳ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮುಂದಿನ ಪುಟವನ್ನು ತಿರುವಿದೆ. ಬೇತಾಳವು ಆಗಲೇ ಮರ ಹತ್ತಿತ್ತು.